ಸೋಮವಾರದ ಜ್ವರ

ಆಗುವುದಿಲ್ಲ ಎಂದು ಮೊದಲು ಹೇಳಿದವಳು ನನ್ನ ಸೋದರತ್ತೆ. ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಕೊಪ್ಪಳದ ಕಡೆಯ ನಮ್ಮ ಹಳ್ಳಿ ಬಿಟ್ಟು ವಿಶಾಖಪಟ್ಟಣಕ್ಕೆ ಬಂದವಳು, ನಮ್ಮ ಮನೆಯಲ್ಲೇ ಉಳಿದುಬಿಟ್ಟಳು. ನಾನು ಹತ್ತನೆಯ ತರಗತಿ ಪಾಸಾದ ದಿನ ಅವ್ವ ಪೇಡೆ ಹಂಚಿದಳು. ಅತ್ತೆ ತನ್ನ ಪಾಲಿನ ಪೇಡೆಯನ್ನು ಬಾಯಿಗೆ ಹಾಕಿಕೊಂಡು, ಅದು ಇಳಿಯುವ ಮೊದಲೇ ಹೇಳಿದಳು:

"ಓದ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ದೊಡ್ಡ ಓದು ನಮ್ಮಂಥ ಮನಿಗೆ ಆಗಂಗಿಲ್ಲ ನೋಡ. ಅದಕ್ಕ ಒಂದೊಂದು ಕಚೇರಿ ಮುಂದ ಹೋಗಿ ತಾಸುಗಟ್ಟಲೆ ನಿಂದರಬೇಕು. ನಮ್ಮ ಮನ್ಯಾಗ ನಿಂದ್ರೋರು ಯಾರದಾರ?"

ಮಾತು ಕಟುವಾಗಿತ್ತು, ಆದರೆ ಸುಳ್ಳಾಗಿರಲಿಲ್ಲ. ಅಪ್ಪ ಹುಡುಗನಾಗಿದ್ದಾಗಲೇ ಕಲ್ಲು ಕೆಲಸದ ಗುಂಪಿನ ಜೊತೆ ಇಲ್ಲಿಗೆ ಬಂದು, ಆ ಕೆಲಸ ಮುಗಿದ ಮೇಲೆ ಬಂದರಿನಲ್ಲಿ ಹಡಗಿನ ಸರಕು ಇಳಿಸುವ ಕೂಲಿಯಾಗಿ ನಿಂತವನು. ಬಂದರಿನ ಕೂಲಿಗೆ ಬುಕಿಂಗ್ ಎನ್ನುವುದೊಂದಿತ್ತು. ಬೆಳಿಗ್ಗೆ ಎಲ್ಲರೂ ಒಂದು ಕಡೆ ಸೇರಬೇಕು. ಯಾರು ಯಾವ ಹಡಗಿಗೆ ಎಂದು ಅಲ್ಲಿ ಕೂಗುತ್ತಾರೆ. ಕೂಗಿದಾಗ ಇಲ್ಲದವನಿಗೆ ಆ ದಿನ ಕೆಲಸವಿಲ್ಲ. ಪದೇ ಪದೇ ಇಲ್ಲದವನ ಹೆಸರು ಹಿಂದಕ್ಕೆ ಹೋಗುತ್ತದೆ. ಅವ್ವ ಸೀಗಡಿ ಸುಲಿಯುವ ಶೆಡ್ಡಿಗೆ ಬೆಳಕು ಹರಿಯುವ ಮೊದಲೇ ಹೋಗುತ್ತಿದ್ದಳು. ಹಾಗಾಗಿ ಶಾಲೆಯಲ್ಲಿ ತಂದೆಯನ್ನು ಕರೆದುಕೊಂಡು ಬಾ ಎಂದಾಗಲೆಲ್ಲ ಬರುತ್ತಿದ್ದವಳು ಅತ್ತೆ. ಹೆಡ್‌ಮಾಸ್ತರರ ಕೋಣೆಯ ಹೊರಗೆ, ಸೆರಗು ತಲೆಯ ಮೇಲೆಳೆದುಕೊಂಡು, ಗೋಡೆಗೆ ಬೆನ್ನು ತಾಗಿಸದೆ ನಿಲ್ಲುತ್ತಿದ್ದಳು. ಒಳಗೆ ಕರೆದು ತಂದೆ ಎಲ್ಲಿ ಎಂದು ಕೇಳಿದರೆ ತನಗೆ ಬರುತ್ತಿದ್ದ ಅಷ್ಟಿಷ್ಟು ತೆಲುಗಿನಲ್ಲಿ ಒಂದೇ ಉತ್ತರ: "ಜ್ವರಂ ಸಾರ್."

ಪ್ರತಿ ಸಲವೂ ಜ್ವರ. ಒಮ್ಮೆ ಹೆಡ್‌ಮಾಸ್ತರರು ತಾಳ್ಮೆಗೆಟ್ಟು, ಈ ಮನುಷ್ಯನಿಗೆ ವರ್ಷವಿಡೀ ಜ್ವರವೇ, ಆಸ್ಪತ್ರೆಗೆ ಸೇರಿಸಿ ಎಂದರು. ಅತ್ತೆ ಹಿಂಜರಿಯಲಿಲ್ಲ. ಬಡವರ ಜ್ವರ ಸಾರ್, ಹಾಗೇ ಬರುತ್ತದೆ ಹಾಗೇ ಹೋಗುತ್ತದೆ ಎಂದಳು. ಮನೆಗೆ ಬರುವಾಗ ನಾನು ಕೇಳಿದೆ, ಬುಕಿಂಗ್ ಎಂದು ನಿಜವನ್ನೇ ಹೇಳಬಾರದೇ ಎಂದು. ಆಕೆ ನಡೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ನಿನ್ನ ಸಾಲಿಗಿಂತ ನಮಗ ಕೂಲಿ ಹೆಚ್ಚು ಅಂತ ಸಾಹೇಬರ ಮುಂದ ಹೇಳಾಕ ಬರತೈತೇನು? ಅವರಿಗೆ ಅವಮಾನ ಆಗೂದಿಲ್ಲ? ಜ್ವರ ಅಂದ್ರ ದೇವರ ಮ್ಯಾಲೆ ಹೋಗತೈತಿ."

ಅದು ನಮ್ಮ ಓಣಿಯ ಮರ್ಯಾದೆ. ಅದು ಸುಳ್ಳೆಂದು ಅಲ್ಲಿ ಯಾರೂ ಅಂದುಕೊಂಡಿರಲಿಲ್ಲ. ದೊಡ್ಡವರ ಎದುರು ಹೇಳಬಾರದ ಮಾತಿಗೆ ಹೊದಿಸುವ ಬಟ್ಟೆ ಅದು.

ಬಿ.ಎ. ಮುಗಿಸಿದೆ. ಪ್ರಮಾಣಪತ್ರ ಅಂಚೆಯಲ್ಲಿ ಬಂತು. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಯಾರೂ ಪದವಿಯ ಮುಖ ನೋಡಿದವರಿರಲಿಲ್ಲ. ಅಪ್ಪ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕುಳಿತಿದ್ದ. ಅತ್ತೆ ಮಾತ್ರ ಒಪ್ಪಲಿಲ್ಲ. ಅಂಚೆಯವನು ತಂದಿದ್ದು ಯಾವ ದೊಡ್ಡದು, ಕರೆಂಟ್ ಬಿಲ್ಲನ್ನೂ ಅವನೇ ತರುತ್ತಾನೆ. ಕರೆದು ಕೈಯಲ್ಲಿ ಕೊಟ್ಟಿದ್ದಾರೆಯೇ ಎಂದಳು. ನನಗೆ ಛಲ ಹುಟ್ಟಿತು. ಕರೆದು ಕೈಯಲ್ಲಿ ಕೊಡುವಂಥದ್ದನ್ನೇ ತರುತ್ತೇನೆಂದು ಸಮಾಜಕಾರ್ಯದ ಎಂ.ಎ.ಗೆ ಸೇರಿದೆ. ಸಮಯ ಕಡಿಮೆ ಇತ್ತು. ಅಪ್ಪನ ನಿವೃತ್ತಿ ಹತ್ತಿರವಾಗಿತ್ತು. ಅದರೊಂದಿಗೆ ಬಂದರಿನವರು ಕೊಟ್ಟ ಮನೆಯೂ ಹೋಗುವುದಿತ್ತು. ಒಂದು ವರ್ಷ ಹಿಂದೆ ಬಿದ್ದರೂ ನಾನು ಅವ್ವನ ಪಕ್ಕದಲ್ಲಿ ಸೀಗಡಿ ಸುಲಿಯಲು ಕೂರಬೇಕಿತ್ತು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಕೊನೆಯ ವರ್ಷದ ಪ್ರಬಂಧಕ್ಕೆ ನಾನು ತೆಗೆದುಕೊಂಡ ವಿಷಯ ನಮ್ಮ ಓಣಿಯದೇ. ನಮ್ಮಲ್ಲಿ ಹುಡುಗರನ್ನು ಪೊಲೀಸರು ಹಿಡಿದುಕೊಂಡು ಹೋಗುವುದು ಹಡಗು ಬಂದು ಹೋದಷ್ಟೇ ಸಾಮಾನ್ಯ. ತಾಮ್ರದ ತಂತಿ, ಬ್ಯಾಟರಿ, ಲಾರಿಯ ಟಾರ್ಪಾಲು, ಇಂಥ ಕಳ್ಳತನಗಳು. ಹಿಡಿದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ, ಯಾರು ಏನು ಮಾಡುತ್ತಾರೆ ಎಂದು ನಮಗೆ ತಿಳಿಯುತ್ತಿರಲಿಲ್ಲ. ಹದಿನೆಂಟು ತುಂಬದವರಿಗಾಗಿ ಹೊಸ ಕಾನೂನು ಬಂದು ಆಗ ಕೆಲವೇ ವರ್ಷಗಳಾಗಿದ್ದವು. ಅದರ ಪ್ರಕಾರ ಹಿಡಿಯುವವರು ಪೊಲೀಸರು. ವಿಚಾರಣೆ ಮುಗಿಯುವವರೆಗೆ ಇಟ್ಟುಕೊಳ್ಳುವುದು ಮಕ್ಕಳ ವೀಕ್ಷಣಾಲಯ, ಅದನ್ನು ಎಲ್ಲರೂ ಹೋಮ್ ಎನ್ನುತ್ತಿದ್ದರು. ಮನೆಯ ಪರಿಸ್ಥಿತಿ ನೋಡಿ ಬಂದು ವರದಿ ಕೊಡುವವರು ಪ್ರೊಬೇಷನ್ ಅಧಿಕಾರಿ. ತೀರ್ಮಾನ ಮಾಡುವುದು ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜಸೇವಕರಿರುವ ಮಂಡಳಿ. ಮನೆಗೆ ಬಿಟ್ಟ ಮೇಲೆ ಮತ್ತೆ ಸೇರಿಸಿಕೊಳ್ಳಬೇಕಾದ್ದು ಶಾಲೆ. ಇವರೆಲ್ಲ ಕೂಡಿ ಹೇಗೆ ಕೆಲಸ ಮಾಡುತ್ತಾರೆ ಎಂದು ವಿಶಾಖಪಟ್ಟಣದಲ್ಲಿ ಒಂದಿಷ್ಟು, ವಿಜಯವಾಡದಲ್ಲಿ ಒಂದಿಷ್ಟು ನೋಡಿ ಅಳೆಯಬೇಕು, ಅದು ನನ್ನ ಕೆಲಸ.

ಮೊದಲು ಪ್ರಶ್ನಾವಳಿ ಮಾಡಿಕೊಂಡು ವಿಶಾಖಪಟ್ಟಣದ ಕಚೇರಿಗಳನ್ನು ಸುತ್ತಿದೆ. ನೀವು ಉಳಿದ ಇಲಾಖೆಗಳ ಜೊತೆ ಸಹಕರಿಸುತ್ತೀರಾ ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಫುಲ್ ಕೋಆರ್ಡಿನೇಷನ್ ಮೇಡಂ. ಆ ಹಾಳೆಗಳನ್ನು ತಂದು ನನ್ನ ಮಾರ್ಗದರ್ಶಕರ ಮುಂದಿಟ್ಟೆ. ಅವರನ್ನು ನಾವು ಮಾಷ್ಟಾರು ಎನ್ನುತ್ತಿದ್ದೆವು. ಕಡಿಮೆ ಮಾತಿನ ಮನುಷ್ಯ. ಹಾಳೆಗಳನ್ನು ಒಮ್ಮೆ ತಿರುವಿ ಹಾಕಿದರು.

"ಮದುವೆ ಮನೆಗೆ ಹೋಗಿ, ಬೀಗರೇ ಚೆನ್ನಾಗಿದ್ದೀರಾ ಅಂತ ಎರಡೂ ಕಡೆಯವರನ್ನ ಕೇಳಿದರೆ ಏನಮ್ಮಾ ಹೇಳ್ತಾರೆ? ಒಂದೇ ಮಗುವಿನ ಬಗ್ಗೆ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳು. ಉತ್ತರಗಳನ್ನ ಪಕ್ಕಪಕ್ಕ ಇಡು. ಆಮೇಲೆ ಬಾ."

ಯಾವ ಪ್ರಶ್ನೆ ಎಂದು ಅವರು ಹೇಳಲಿಲ್ಲ. ಅದಕ್ಕೆ ನಾನು ಹೆಚ್ಚು ಹುಡುಕಲೂ ಇಲ್ಲ. ಅತ್ತೆ ವರ್ಷಗಳ ಹಿಂದೆಯೇ ಕೇಳಿಟ್ಟಿದ್ದಳು. ಈ ಹುಡುಗನಿಗಾಗಿ ಬಂದು ನಿಲ್ಲಲು ಮನೆಯಲ್ಲಿ ಯಾರಿದ್ದಾರೆ?

ವಿಶಾಖಪಟ್ಟಣದಲ್ಲಿ ಒಬ್ಬ ಹುಡುಗನ ಬಗ್ಗೆ ಕೇಳಿದಾಗ ಉತ್ತರಗಳು ಹೆಚ್ಚುಕಡಿಮೆ ಹೊಂದಿಕೊಂಡವು. ಅಜ್ಜಿ ಇದ್ದಾಳೆ, ಮೀನು ಮಾರುತ್ತಾಳೆ ಎಂದು ಠಾಣೆಯಲ್ಲೂ ಹೇಳಿದರು, ಹೋಮಿನಲ್ಲೂ ಹೇಳಿದರು. ಶಾಲೆಯವರಂತೂ ಅಜ್ಜಿ ಎಲ್ಲಿ ಕೂತು ಮಾರುತ್ತಾಳೆ ಎಂಬುದನ್ನೂ ಹೇಳಿದರು. ಹೇಗೆ ಎಂದು ನೋಡಿದರೆ, ಮಂಡಳಿ ಸೇರುವ ದಿನ ಎಲ್ಲರೂ ಸ್ವಲ್ಪ ಮೊದಲೇ ಬಂದು ಹೊರಗಿನ ಬಾದಾಮಿ ಮರದ ಕೆಳಗೆ ಟೀ ಕುಡಿಯುತ್ತಿದ್ದರು. ಪೊಲೀಸರು, ಪ್ರೊಬೇಷನ್ ಅಧಿಕಾರಿ, ಹೋಮಿನವರು, ಒಮ್ಮೊಮ್ಮೆ ಶಾಲೆಯ ಮೇಷ್ಟ್ರು. ಅಲ್ಲಿ ಆಡುತ್ತಿದ್ದ ಮಾತು ಕ್ರಿಕೆಟ್ಟು, ಸಕ್ಕರೆ ಕಾಯಿಲೆ, ಮಗಳ ಮದುವೆ. ನಡುವೆ ಹುಡುಗರ ಸುದ್ದಿಯೂ. ಯಾವ ಆದೇಶದಲ್ಲೂ ಇಲ್ಲದ ಟೀ ಅದು.

ವಿಜಯವಾಡಕ್ಕೆ ಹೋಗುವಾಗ ಉಳಿಯಲು ಜಾಗವಿರಲಿಲ್ಲ. ಅಪ್ಪನ ಜೊತೆ ಕೆಲಸ ಮಾಡಿದವರೊಬ್ಬರ ಮೂಲಕ ವಿಜಯವಾಡದ ಹೊರವಲಯದ ಇಬ್ರಾಹಿಂಪಟ್ನಂನ ಒಂದು ಕನ್ನಡದ ಮನೆ ಸಿಕ್ಕಿತು. ಯಜಮಾನರು ಅಲ್ಲಿಯ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರು, ಮೈಸೂರಿನ ಕಡೆಯವರು. ಅವರ ಹೆಂಡತಿ ನನ್ನನ್ನು ಬಾಗಿಲಲ್ಲೇ ಬನ್ನಿ ಎಂದು ಬಹುವಚನದಲ್ಲಿ ಕರೆದಾಗ ನಾನು ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದೆ. ನನ್ನ ಕನ್ನಡ ಕೇಳಿ ಅವರ ಚಿಕ್ಕ ಮಗ, ಅಮ್ಮಾ, ಅಕ್ಕ ಯಾವ ಭಾಷೆ ಮಾತಾಡ್ತಾರೆ ಎಂದು ತೆಲುಗಿನಲ್ಲಿ ಕೇಳಿದ. ಆ ಮನೆಯಲ್ಲಿ ಯಾರೂ ನನ್ನ ಹತ್ತಿರ ಬಾಡಿಗೆಯ ಮಾತೆತ್ತಲಿಲ್ಲ. ಪ್ರತಿದಿನ ಡಬ್ಬಿಗೆ ಮೊಸರನ್ನ ಹಾಕಿ, ಬಸ್ಸಿನಲ್ಲಿ ಕಿಟಕಿಯ ಕಡೆ ಕೂರಬೇಡ, ಬೂದಿ ಹಾರಿ ಬರುತ್ತೆ ಎನ್ನುತ್ತಿದ್ದರು. ಈಗಲೂ ಮೊಸರನ್ನಕ್ಕೆ ಒಗ್ಗರಣೆ ಹಾಕುವಾಗ ಆ ತಾಯಿಯ ಋಣ ನೆನಪಾಗುತ್ತದೆ. ಅವರ ಕಪಾಟಿನಲ್ಲಿದ್ದ ಹಳೆಯ ವಾರಪತ್ರಿಕೆಗಳನ್ನು ಓದಿಯೇ ನಾನು ಕನ್ನಡ ಅಕ್ಷರ ಕಲಿತದ್ದು. ತೆಲುಗು ಅಕ್ಷರ ಬಲ್ಲವರಿಗೆ ಅದು ಕಷ್ಟವಲ್ಲ. ನೆಂಟರ ಮನೆಯ ಮಕ್ಕಳ ಮುಖ ಗುರುತು ಹಿಡಿದ ಹಾಗೆ.

ವಿಜಯವಾಡದ ಮಂಡಳಿ ಸೋಮವಾರ ಬೆಳಿಗ್ಗೆ ಹೋಮಿನಲ್ಲೇ ಸೇರುತ್ತಿತ್ತು. ಮ್ಯಾಜಿಸ್ಟ್ರೇಟರಿಗೆ ತಮ್ಮ ಕೋರ್ಟಿನಿಂದ ಬಿಡುವು ಸಿಗುತ್ತಿದ್ದದ್ದು ಆಗಲೇ. ನಾನು ಆರಿಸಿಕೊಂಡ ಹುಡುಗ ಊರಿನ ಹಳೆಯ ಪೇಟೆಯಾದ ಒನ್ ಟೌನಿನವನು. ಗೋದಾಮಿನಿಂದ ಹಿತ್ತಾಳೆ ನಲ್ಲಿಗಳನ್ನು ಎತ್ತಿಕೊಂಡು ಹೋದ ದೊಡ್ಡವರ ಜೊತೆ ಸಿಕ್ಕಿಬಿದ್ದಿದ್ದ. ಮೊದಲನೆಯ ತಪ್ಪು. ತಂದೆ ಬಂದು ಜವಾಬ್ದಾರಿ ವಹಿಸಿಕೊಂಡು ಸಹಿ ಮಾಡಿದ್ದರೆ ಎಂದೋ ಮನೆಗೆ ಹೋಗಬಹುದಿತ್ತು. ಸಹಿಗೆ ತಂದೆಯೇ ಬರಬೇಕೆಂಬುದು ಅಲ್ಲಿಯ ರೂಢಿ, ತಂದೆ ಬಂದಿರಲಿಲ್ಲ. ಹುಡುಗ ತಿಂಗಳುಗಟ್ಟಲೆ ಹೋಮಿನಲ್ಲೇ ಇದ್ದ.

ಅವನಿಗೆ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುತ್ತ ಹೋದೆ. ಠಾಣೆಯಲ್ಲಿ, ತಂದೆ ಇದ್ದಾನೆ, ನೋಟಿಸು ಕೊಟ್ಟಿದ್ದೇವೆ, ಯಾವಾಗಲೂ ಜ್ವರ ಅಂತಾನೆ ಎಂದರು. ಪ್ರೊಬೇಷನ್ ಅಧಿಕಾರಿ, ಹೋಗಿದ್ದೆ, ಮನೆಗೆ ಬೀಗ ಹಾಕಿತ್ತು, ಯಾರೂ ಇರುವ ಹಾಗೆ ಕಾಣಲಿಲ್ಲ ಎಂದರು. ಹೋಮಿನಲ್ಲಿ, ತಾಯಿ ಪ್ರತಿ ಭಾನುವಾರ ಪುಳಿಹೋರೆ ತರುತ್ತಾಳೆ, ಗಂಡನ ವಿಷಯ ನಾವು ಕೇಳಿಲ್ಲ ಎಂದರು. ಶಾಲೆಯಲ್ಲಿ, ಹುಡುಗ ಊರು ಬಿಟ್ಟು ಹೋದ ಎಂದುಕೊಂಡು ಹೆಸರು ತೆಗೆದಿದ್ದೇವೆ ಎಂದರು. ಮಂಡಳಿಯ ಕಡತದಲ್ಲಿ, ಪೋಷಕರಿಗೆ ಆಸಕ್ತಿ ಇಲ್ಲ ಎಂದಿತ್ತು. ಪ್ರತಿಯೊಬ್ಬರೂ ತಮಗೆ ಕಂಡದ್ದನ್ನೇ ಹೇಳಿದ್ದರು. ಎಲ್ಲರೂ ಕೊನೆಗೆ, ನಮ್ಮಲ್ಲಿ ಫುಲ್ ಕೋಆರ್ಡಿನೇಷನ್ ಮೇಡಂ ಎಂದು ಸೇರಿಸಿದರು.

ಜ್ವರ ಎಂಬ ಮಾತು ನನ್ನನ್ನು ಬಿಡಲಿಲ್ಲ. ಬೇರೆ ಹುಡುಗರ ವಿಷಯವನ್ನೂ ಕೇಳಿ ನೋಡಿದೆ. ಒನ್ ಟೌನಿನ ಇನ್ನೂ ಕೆಲವರ ತಂದೆಯಂದಿರಿಗೆ ಅದೇ ಸೋಮವಾರ, ಅದೇ ಜ್ವರ. ಬಸ್ಸಿನಲ್ಲಿ ವಾಪಸು ಬರುವಾಗ ಒಬ್ಬಳೇ ನಕ್ಕೆ. ಪಕ್ಕದಲ್ಲಿ ಕೂತ ಹೆಂಗಸು ಸ್ವಲ್ಪ ಸರಿದು ಕೂತಳು.

ಮುಂದಿನ ಸೋಮವಾರ ಮಂಡಳಿಗೆ ಹೋಗದೆ ಬೆಳಿಗ್ಗೆಯೇ ಒನ್ ಟೌನಿಗೆ ಹೋದೆ. ಅಲ್ಲಿ ಹಮಾಲರ ತಂಡಕ್ಕೆ ಮುಠಾ ಎನ್ನುತ್ತಾರೆ. ಗೋದಾಮುಗಳ ಸಂದಿಯಲ್ಲಿ ಒಂದು ಮುಠಾದವರು ಮೇಸ್ತ್ರಿಯ ಸುತ್ತ ನಿಂತಿದ್ದರು. ಯಾವ ಗೋದಾಮಿಗೆ ಯಾರು ಎಂದು ಅವನು ಇಡೀ ವಾರದ್ದನ್ನು ಅಂದೇ ಹಂಚುತ್ತಿದ್ದ. ಬಂದರಿನಲ್ಲಿ ದಿನಕ್ಕೊಮ್ಮೆ ಕೂಗುತ್ತಿದ್ದರು, ಇಲ್ಲಿ ವಾರಕ್ಕೊಮ್ಮೆ, ಅಷ್ಟೇ ವ್ಯತ್ಯಾಸ. ಆ ಹೊತ್ತಿಗೆ ಇಲ್ಲದವನಿಗೆ ವಾರವೆಲ್ಲ ಕೆಲಸವಿಲ್ಲ. ನಾನು ಅಪ್ಪನನ್ನೇ ನೋಡುತ್ತಿದ್ದೇನೆ ಅನಿಸಿತು. ಕೊರಳು ಮುಂದೆ ಚಾಚಿ, ತನ್ನ ಹೆಸರು ಕೇಳಿಸಿತೋ ಇಲ್ಲವೋ ಎಂದು ಕಿವಿಗೊಟ್ಟು ನಿಂತ ಅಪ್ಪ.

ಹುಡುಗನ ತಂದೆಯನ್ನು ಆಮೇಲೆ ಟೀ ಅಂಗಡಿಯ ಬಳಿ ಕಂಡೆ. ಸಣಕಲು ಮನುಷ್ಯ, ಮೈಯೆಲ್ಲ ಮೆಣಸಿನಕಾಯಿಯ ಪುಡಿ. ನಾನು ಯಾರೆಂದು ಹೇಳಿದ ಕೂಡಲೇ ಅವನ ಕೈ ತಾನಾಗಿ ಹಣೆಯ ಮೇಲೆ ಹೋಯಿತು, ಜ್ವರ ನೋಡಿಕೊಳ್ಳುವವರ ಹಾಗೆ. ನಾನು ಹೇಳಿದೆ, ನನ್ನ ಅಪ್ಪನಿಗೂ ಹೀಗೇ ಜ್ವರ ಬರುತ್ತಿತ್ತು, ಬುಕಿಂಗ್ ಇದ್ದ ದಿನ. ಅವನು ಕೈ ಇಳಿಸಿದ. ಹುಡುಗ ತೆಳ್ಳಗಾಗಿದ್ದಾನಾ ಅಮ್ಮಾ ಎಂದು ಮಾತ್ರ ಕೇಳಿದ. ಭಾನುವಾರವೂ ಲಾರಿ ಇಳಿಸುವ ಕೆಲಸವಿರುತ್ತಿತ್ತು, ಹೋಮಿಗೆ ಹೋಗಿ ಬಂದ ಹೆಂಡತಿ ಹೇಳುವುದನ್ನು ಅವನು ನಂಬುತ್ತಿರಲಿಲ್ಲವಂತೆ. ನನಗೆ ಸಮಾಧಾನ ಆಗಲಿ ಅಂತ ದಪ್ಪಗಿದ್ದಾನೆ ಅಂತಾಳೆ ಎಂದ.

ಇಷ್ಟಾದ ಮೇಲೆ ಬರೆಯುವುದು ಸುಲಭವಾಗಬೇಕಿತ್ತು. ಆಗಲಿಲ್ಲ. ವಿಜಯವಾಡದಲ್ಲಿ ಅಧ್ಯಯನಕ್ಕೆ ಅನುಮತಿ ಕೊಡುವಾಗ ಒಂದು ಷರತ್ತು ಹಾಕಿದ್ದರು. ಬರೆದದ್ದನ್ನು ಮಂಡಳಿಯ ಮುಂದೆ ಓದಬೇಕು, ಅವರು ಸಹಿ ಹಾಕಿದ ಮೇಲೆಯೇ ವಿಶ್ವವಿದ್ಯಾಲಯಕ್ಕೆ ಕೊಡಬೇಕು. ಸಹಿ ಇಲ್ಲದಿದ್ದರೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದಿದ್ದರೆ ಎಂ.ಎ. ಇಲ್ಲ. ಸೀಗಡಿ ಶೆಡ್ಡಿನ ವಾಸನೆ ನನಗೆ ಇಬ್ರಾಹಿಂಪಟ್ನಂನಲ್ಲೇ ಬರತೊಡಗಿತು. ಮಾಷ್ಟಾರಿಗೆ ಫೋನು ಮಾಡಿ ಎಲ್ಲ ಹೇಳಿದೆ, ಅತ್ತೆಯ ಜ್ವರದ ಕಥೆಯನ್ನೂ. ಬೇಕಾದರೆ ಫುಲ್ ಕೋಆರ್ಡಿನೇಷನ್ ಅಂತಲೇ ಬರಿ, ಸಹಿ ಸಿಗುತ್ತೆ, ನಾನೂ ಪಾಸ್ ಮಾಡ್ತೀನಿ ಎಂದರು. ಆಮೇಲೆ, ನಿಮ್ಮ ಅತ್ತೆ ಶಾಲೆಗೆ ಬಂದಾಗ ಅವರನ್ನ ಯಾರಾದರೂ ಕೂತ್ಕೊಳ್ಳಿ ಅಂದಿದ್ದರಾ ಎಂದು ಕೇಳಿ ಫೋನಿಟ್ಟರು. ಯಾರೂ ಅಂದಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದೆ.

ಮಂಡಳಿಯಲ್ಲಿ ಸಮಾಜಸೇವಕಿಯಾಗಿದ್ದವರು ನಿವೃತ್ತ ಶಿಕ್ಷಕಿ. ಅವರೇ ಮುಂದಾಗಿ ನಾನು ಓದುವ ದಿನ ಎಲ್ಲ ಕಡೆಯವರನ್ನೂ ಕರೆಸಿದರು. ಅವರೆಲ್ಲ ಒಂದೇ ಕೋಣೆಯಲ್ಲಿ ಕೂತದ್ದು ಅದೇ ಮೊದಲು ಎಂದು ಕುರ್ಚಿಗಳಿಗಾಗಿ ನಡೆದ ಪರದಾಟದಲ್ಲೇ ಗೊತ್ತಾಯಿತು. ಹೋಮಿನ ಊಟದ ಕೋಣೆಯಿಂದ ಬೆಂಚು ತಂದರು. ನಾನು ಒಂದು ಪ್ರಶ್ನೆ, ಐದು ಉತ್ತರ ಓದಿದೆ. ಯಾರ ಹೆಸರನ್ನೂ ಹೇಳಲಿಲ್ಲ, ಆದರೆ ಯಾರದು ಯಾವುದೆಂದು ಅವರವರಿಗೆ ತಿಳಿಯಿತು. ಪ್ರೊಬೇಷನ್ ಅಧಿಕಾರಿಯ ಮುಖ ಕೆಂಪಾಯಿತು. ನಾನು ಹೋಗಿದ್ದು ಸುಳ್ಳೇ ಎಂದರು. ಸುಳ್ಳಲ್ಲ ಸರ್, ನೀವು ಹೋದ ಹೊತ್ತಿಗೆ ತಂದೆ ತಾಯಿ ಇಬ್ಬರೂ ಕೆಲಸದಲ್ಲಿರುತ್ತಾರೆ. ತಾಯಿ ಭಾನುವಾರ ಇಲ್ಲಿಗೇ ಬರುತ್ತಾರೆ ಎಂದೆ. ಅವರು ಹೋಮಿನ ಅಧಿಕಾರಿಯ ಕಡೆ ತಿರುಗಿ, ಬರ್ತಾಳಾ, ನನಗ್ಯಾಕೆ ಹೇಳಲಿಲ್ಲ ಎಂದರು. ನೀವು ಭಾನುವಾರ ಬರಲ್ಲವಲ್ಲ ಸಾರ್ ಎಂದು ಅವರು ಹೇಳಿದ್ದಕ್ಕೆ ಯಾರೋ ನಕ್ಕರು.

ಮ್ಯಾಜಿಸ್ಟ್ರೇಟರು ಚಿಕ್ಕ ವಯಸ್ಸಿನವರು, ನಗಲಿಲ್ಲ. ಒಟ್ಟಿನಲ್ಲಿ ತಪ್ಪು ಯಾರದು ಎಂದು ಕೇಳಿದರು. ಅವರವರ ಕೆಲಸ ಅವರವರು ಮಾಡಿದ್ದಾರೆ, ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಲ್ಲ ಎಂದೆ. ಮುಠಾದ ಸೋಮವಾರದ ವಿಷಯ ಹೇಳಿದೆ. ಕೊನೆಗೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ:

"ವಾರ ಬದಲಾಯಿಸಿ ನೋಡಿ ಸರ್, ಜ್ವರ ಬಿಡುತ್ತೆ."

ಶಿಕ್ಷಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮ್ಯಾಜಿಸ್ಟ್ರೇಟರು ತಮ್ಮ ಡೈರಿ ತಿರುವಿದರು, ಗುಮಾಸ್ತನ ಜೊತೆ ಪಿಸುಮಾತು ಆಡಿದರು. ಆಮೇಲೆ ಹೇಳಿದ್ದು ಇಷ್ಟು: ಈ ಒಂದು ಪ್ರಕರಣವನ್ನು ಬುಧವಾರ ಮಧ್ಯಾಹ್ನಕ್ಕೆ ಇಡೋಣ. ತಂದೆ ಬಂದರೆ ನೀವು ಬರೆದದ್ದು ಸರಿ, ಅಂದೇ ಸಹಿ ಹಾಕುತ್ತೇನೆ. ಬರದಿದ್ದರೆ ನೀವು ಮತ್ತೆ ಬರೆಯಬೇಕಾಗುತ್ತದೆ.

ನನ್ನ ಎಂ.ಎ. ಈಗ ಒಬ್ಬ ಹಮಾಲನ ಕಾಲ ಮೇಲೆ ನಿಂತಿತು.

ಸುದ್ದಿ ಮುಟ್ಟಿಸುವುದು ಹೇಗೆ ಎಂಬ ಪ್ರಶ್ನೆ ಬಂದಾಗ, ಪ್ರೊಬೇಷನ್ ಅಧಿಕಾರಿ ತಾವೇ ಹೋಗುತ್ತೇನೆ ಎಂದರು. ಬೆಳಿಗ್ಗೆ ಟೀ ಹೊತ್ತಿಗೆ, ಮುಠಾ ಇರುವಲ್ಲಿಗೆ. ಠಾಣೆಯ ಕಾನ್‌ಸ್ಟೇಬಲ್ಲು ದಾರಿ ತೋರಿಸಲು ಜೊತೆಯಾದ, ಸಮವಸ್ತ್ರ ಬಿಟ್ಟು ಸಾದಾ ಅಂಗಿಯಲ್ಲಿ. ಕೋಪ ಮಾಡಿಕೊಂಡ ಮನುಷ್ಯ ಹಾಗೆ ಎದ್ದು ಹೋದದ್ದನ್ನು ನಾನು ಮರೆತಿಲ್ಲ. ಅವರಿಗೆ ನಿವೃತ್ತಿ ಹತ್ತಿರವಿತ್ತು, ಸುಮ್ಮನಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ನಾನು ಜಗಲಿಯ ಮೇಲೆ ನಿಂತೇ ಇದ್ದೆ. ಹೇಳಿದ ಹೊತ್ತು ಕಳೆಯಿತು. ತಾಯಿ ಬಂದಿದ್ದಳು, ಪುಳಿಹೋರೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದಳು. ನಾವಿಬ್ಬರೂ ಗೇಟಿನ ಕಡೆಯೇ ನೋಡುತ್ತಿದ್ದೆವು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗುಮಾಸ್ತ ಎರಡು ಸಲ ಹೊರಗೆ ಬಂದು ಹೋದ.

ಕೊನೆಗೆ ಹುಡುಗನ ತಂದೆ ಓಡುತ್ತ ಬಂದ. ಗೋದಾಮಿನಿಂದ ನೇರವಾಗಿ, ಮೈ ಕೊಡವಿಕೊಳ್ಳಲೂ ನಿಲ್ಲದೆ. ಒಳಗೆ ಕಾಲಿಟ್ಟ ಕೂಡಲೇ ಮೆಣಸಿನಕಾಯಿ ಘಾಟಿಗೆ ಮೊದಲು ಗುಮಾಸ್ತ ಸೀನಿದ, ಆಮೇಲೆ ಶಿಕ್ಷಕಿ, ಆಮೇಲೆ ಮ್ಯಾಜಿಸ್ಟ್ರೇಟರು. ಒಳಗಿನಿಂದ ಕರೆತಂದ ಹುಡುಗ ಅಪ್ಪನನ್ನು ನೋಡಿ ತಲೆ ತಗ್ಗಿಸಿದ. ಶಿಕ್ಷಕಿ ಮೂಗು ಒರೆಸಿಕೊಳ್ಳುತ್ತ ತಂದೆಗೆ ಕೂತ್ಕೊಳ್ಳಿ ಎಂದರು. ಅವನಿಗೆ ಅದು ತನಗೆ ಹೇಳಿದ್ದೆಂದು ತಿಳಿಯಲಿಲ್ಲ. ಮತ್ತೊಮ್ಮೆ ಹೇಳಿದ ಮೇಲೆ ಬೆಂಚಿನ ತುದಿಯಲ್ಲಿ ಊರಿದರೂ ಊರದ ಹಾಗೆ ಕೂತ.

ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

"ಜ್ವರ ಸಾರ್," ಎಂದ, ರೂಢಿಯ ಹಾಗೆ.

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. "ಈಗ ಬಿಟ್ಟಿದೆಯೇ?"

"ಇವತ್ತು ಬುಧವಾರ ಸಾರ್."

ಆಗ ಅವರು ನಕ್ಕರು. ಹುಡುಗನೂ ತಲೆಯೆತ್ತಿದ. ಪ್ರೊಬೇಷನ್ ಅಧಿಕಾರಿ ವಾರಕ್ಕೊಮ್ಮೆ ಹೋಗಿ ನೋಡಿಕೊಂಡು ಬರುವುದೆಂದೂ, ಶಾಲೆಯವರು ಮತ್ತೆ ಸೇರಿಸಿಕೊಳ್ಳುವುದೆಂದೂ ತೀರ್ಮಾನವಾಗಿ ತಂದೆ ಹೆಬ್ಬೆಟ್ಟು ಒತ್ತಿದ. ಅವನು ಹೋದ ಮೇಲೆ ನನ್ನ ಪ್ರಬಂಧಕ್ಕೆ ಸಹಿ ಬಿತ್ತು. ಆ ಹಾಳೆಯ ಅಂಚಿನಲ್ಲಿ ಒಂದು ಕೆಂಪು ಬೆರಳಿನ ಗುರುತು ಇತ್ತು, ಯಾರದೋ ಗೊತ್ತಿಲ್ಲ. ನಾನು ಅದನ್ನು ಒರೆಸಲಿಲ್ಲ.

ಆ ಹುಡುಗ ಮುಂದೆ ಏನಾದ ಎಂದು ನನಗೆ ತಿಳಿಯದು. ಆ ವರ್ಷ ಶಾಲೆಗೆ ಹೋಗುತ್ತಿದ್ದ ಎಂದು ಪ್ರೊಬೇಷನ್ ಅಧಿಕಾರಿ ಒಂದು ಕಾರ್ಡು ಬರೆದಿದ್ದರು. ಒನ್ ಟೌನಿನ ಉಳಿದ ಹುಡುಗರ ಪ್ರಕರಣಗಳನ್ನೂ ಬುಧವಾರಕ್ಕೆ ಹಾಕಿದ್ದಾರೆಂದೂ ಅದರಲ್ಲಿತ್ತು. ಆ ಬುಧವಾರದ ಮಧ್ಯಾಹ್ನಗಳು ಎಷ್ಟು ಕಾಲ ನಡೆದವೋ, ಹೊಸ ಮ್ಯಾಜಿಸ್ಟ್ರೇಟರು ಬಂದ ಮೇಲೆ ಮತ್ತೆ ಸೋಮವಾರವೇ ಆಯಿತೋ. ಒಂದು ದಿನ ಬದಲಾದರೆ ಊರಿನ ಕಳ್ಳತನವೆಲ್ಲ ನಿಲ್ಲುತ್ತದೆಂದು ನಾನು ಬರೆದಿಲ್ಲ. ಮನೆಗೆ ಹೋಗಬಹುದಾದ ಒಬ್ಬ ಹುಡುಗ ಮನೆಗೆ ಹೋದ, ಅಷ್ಟನ್ನು ಕಣ್ಣಾರೆ ನೋಡಿದೆ.

ಮೌಖಿಕ ಪರೀಕ್ಷೆಯ ದಿನ ಒಂದು ತಮಾಷೆ ನಡೆಯಿತು. ವಿಶಾಖಪಟ್ಟಣದ ಮಂಡಳಿಯ ಬಗ್ಗೆ ನಾನು ಟೀ ಎಂದು ಬರೆದ ಕಡೆಯಲ್ಲೆಲ್ಲ ಮಾಷ್ಟಾರು ಹೊಡೆದುಹಾಕಿ ಅನೌಪಚಾರಿಕ ಸಂವಹನ ಎಂದು ಬರೆಸಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಆ ಮಾತಿನ ಮೇಲೆ ಬೆರಳಿಟ್ಟು, ಹಾಗಂದರೆ ನಿರ್ದಿಷ್ಟವಾಗಿ ಏನಮ್ಮಾ ಎಂದು ಕೇಳಿದರು. ಟೀ ಸಾರ್ ಎಂದೆ. ಮಾಷ್ಟಾರು ಕಿಟಕಿಯ ಹೊರಗೆ ನೋಡಿದರು. ಪರೀಕ್ಷಕರು ಹಾಗಾದರೆ ಅದನ್ನೇ ಬರೆಯಬಹುದಿತ್ತಲ್ಲ ಎಂದು ಮುಂದಿನ ಪುಟ ತಿರುವಿದರು.

ಘಟಿಕೋತ್ಸವ ಬಂತು. ಕರೆದು ಕೈಯಲ್ಲಿ ಕೊಡುವ ದಿನ. ಅಪ್ಪನ ನಿವೃತ್ತಿಗೆ ಇನ್ನೂ ಕೆಲವು ವಾರ ಉಳಿದಿತ್ತು, ಬೆಳಗಿನ ಬುಕಿಂಗ್ ಇತ್ತು. ಬಾ ಎಂದು ನಾನು ಕೇಳಲೇ ಇಲ್ಲ. ಕೇಳಿ ಇಲ್ಲ ಅನ್ನಿಸಿಕೊಳ್ಳುವುದಕ್ಕಿಂತ ಕೇಳದಿರುವುದು ನಮ್ಮ ಮನೆಯ ಪದ್ಧತಿ. ಅವ್ವನಿಗೆ ಶೆಡ್ಡಿನಲ್ಲಿ ರಜೆ ಸಿಗಲಿಲ್ಲ. ಎಂದಿನಂತೆ ಅತ್ತೆ ಹೊರಟಳು, ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟುಕೊಂಡು.

ವೇದಿಕೆಯ ಮೇಲೆ ಹೆಸರು ಕೂಗಿದರು. ಕೈಗೆ ಬಂದ ಪ್ರಮಾಣಪತ್ರ ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು. ಇಳಿದು ಬರುವಾಗ ಸಭಾಂಗಣದ ಹಿಂದೆ ಕಣ್ಣು ಹಾಯಿಸಿದೆ. ಕುರ್ಚಿಗಳು ಸಾಕಷ್ಟು ಖಾಲಿ ಇದ್ದವು. ಆದರೂ ಅತ್ತೆ ಬಾಗಿಲ ಪಕ್ಕದಲ್ಲಿ, ಗೋಡೆಗೆ ಬೆನ್ನು ತಾಗಿಸದೆ, ಸೆರಗು ತಲೆಯ ಮೇಲೆಳೆದುಕೊಂಡು ನಿಂತಿದ್ದಳು. ಅವಳ ಪಕ್ಕದಲ್ಲಿ ಇನ್ನೊಬ್ಬರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಹತ್ತಿರ ಹೋಗುವವರೆಗೂ ಅದು ಅಪ್ಪ ಎಂದು ನನಗೆ ನಂಬಿಕೆಯಾಗಲಿಲ್ಲ.

ಬುಕಿಂಗ್ ಏನಾಯಿತು ಎಂದು ಕೇಳಿದೆ.

ಅಪ್ಪ ಅತ್ತೆಯ ಮುಖ ನೋಡಿದ, ನೆಲ ನೋಡಿದ. "ಜ್ವರ ಬಂದೈತಿ ಅಂತ ಹೇಳಿ ಕಳಿಸೀನಿ."

ಅಷ್ಟೂ ವರ್ಷ ನನ್ನ ಶಾಲೆಗೆ ಬರುತ್ತಿದ್ದ ಜ್ವರ ಅಂದು ಬಂದರಿಗೆ ಹೋಗಿತ್ತು. ಪ್ರಮಾಣಪತ್ರವನ್ನು ಅತ್ತೆಯ ಕೈಗೆ ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಮುದ್ರೆಯನ್ನು ಒಮ್ಮೆ ಮುಟ್ಟಿ ನೋಡಿದಳು. ಖಾಲಿ ಕುರ್ಚಿಗಳ ಸಾಲನ್ನೂ ನೋಡಿದಳು. ಆಮೇಲೆ ಅಪ್ಪನ ತೋಳು ಹಿಡಿದು ಎಳೆಯುತ್ತ ಹೇಳಿದಳು:

"ನಾವು ನಿಂತಿದ್ದು ಸಾಕಾತು ತಮ್ಮಾ. ಬಾ, ಕೂಡ್ರೂಣು."